ಕಬ್ಬಿಣಕ್ಕೆ ಕಿವುಡಾದ ಯಂತ್ರ

ನಮ್ಮಂಥವರಿಗೆ ಮೆಟಲ್ ಡಿಟೆಕ್ಟರ್ ಅಂದರೆ ಒಂದು ಬಾಗಿಲು. ಮಾಲಿಗೆ ಹೋದರೆ ಎದುರಿಗೆ ಅದು ನಿಂತಿರುತ್ತದೆ. ಬೆಂಗಳೂರಲ್ಲಿ ಮೆಟ್ರೋ ಹತ್ತಲು ಹೋದರೆ ಅಲ್ಲೂ ಅದೇ. ಕೈಯಲ್ಲಿ ಕಪ್ಪು ಕೋಲು ಹಿಡಿದ ಸೆಕ್ಯುರಿಟಿ ಹುಡುಗ ಎಷ್ಟೋ ಸಲ ನಮ್ಮ ಕೇರಿಯ ಕಡೆಯವನೇ ಆಗಿರುತ್ತಾನೆ. ಅವನು ಕೋಲು ಆಡಿಸುತ್ತಾನೆ, ನಾವು ಕೈ ಎತ್ತಿ ನಿಲ್ಲುತ್ತೇವೆ. ಸೊಂಟದ ಬಕಲಿಗೆ, ಜೇಬಿನ ಚಿಲ್ಲರೆಗೆ ಅದು ಕುಂಯ್ ಅನ್ನುತ್ತದೆ. ಯಂತ್ರ ನಮ್ಮನ್ನು ಹುಡುಕುತ್ತದೆ; ಅದನ್ನು ಹಿಡಿದು ನಾವು ಏನನ್ನೂ ಹುಡುಕಿದ್ದಿಲ್ಲ.

ಆದ್ದರಿಂದ ಹಾಸ್ಟೆಲಿನಲ್ಲಿದ್ದಾಗ ಗೆಳೆಯನೊಬ್ಬ ಮೊಬೈಲಿನಲ್ಲಿ ತೋರಿಸಿದ ವಿಡಿಯೊ ನನಗೆ ವಿಚಿತ್ರವಾಗಿ ಕಂಡಿತು. ಅಮೆರಿಕದ ಯಾವುದೋ ಊರಿನ ಪಾರ್ಕು. ವಯಸ್ಸಾದ ಒಬ್ಬ ಮನುಷ್ಯ, ಕಿವಿಗೆ ಹೆಡ್‌ಫೋನು, ಕೈಯಲ್ಲಿ ಉದ್ದನೆಯ ಕೋಲು, ಕೋಲಿನ ತುದಿಗೆ ತಟ್ಟೆಯಂಥದ್ದು. ಹುಲ್ಲು ಕೊಯ್ಯುವವನ ಹಾಗೆ ಅದನ್ನು ಎಡಕ್ಕೂ ಬಲಕ್ಕೂ ಬೀಸುತ್ತಾ ಹೋಗುತ್ತಿದ್ದ. ಒಂದು ಕಡೆ ನಿಂತ. ಮಂಡಿಯೂರಿದ. ಹುಲ್ಲಿನ ಹೆಂಟೆಯನ್ನು ಮುಚ್ಚಳದ ಹಾಗೆ ಕೊಯ್ದು ಎತ್ತಿದ. ಮಣ್ಣೊಳಗಿಂದ ಒಂದು ಹಳೇ ನಾಣ್ಯ ತೆಗೆದು ಅಂಗೈಲಿಟ್ಟು ನಕ್ಕ. ಮತ್ತೆ ಮುಚ್ಚಳ ಮುಚ್ಚಿ ಕಾಲಲ್ಲಿ ಅದುಮಿದ.

"ಇವನಿಗೆ ಎಷ್ಟು ಕೂಲಿ ಕೊಡ್ತಾರೋ?" ಅಂತ ಪಕ್ಕದವನು ಕೇಳಿದ.

"ಕೂಲಿ ಅಲ್ಲ ಕಣೋ, ಹಾಬಿ."

ನಾವೆಲ್ಲ ನಕ್ಕೆವು. ಆ ರೂಮಿನಲ್ಲಿದ್ದ ಆರೂ ಜನರ ಅಪ್ಪಂದಿರು ಅಗೆದವರೇ. ಬಾವಿ ಅಗೆದವರು, ಪಾಯ ಅಗೆದವರು, ಊರಿನವರು ಸತ್ತಾಗ ಗುಂಡಿ ಅಗೆದವರು. ಖುಷಿಗೆ ಅಗೆಯುವ ಮನುಷ್ಯನನ್ನು ನಾವು ನೋಡಿದ್ದು ಅದೇ ಮೊದಲು.

ನಗು ನಿಂತ ಮೇಲೆ ಜಗಳ ಶುರುವಾಯಿತು. ಒಬ್ಬ ಅಂದ: ಪಾರ್ಕು ಸರ್ಕಾರದ್ದು, ಅದರೊಳಗಿನದ್ದು ತೆಗೆದರೆ ಕಳ್ಳತನ. ಇನ್ನೊಬ್ಬ ಅಂದ: ಕಳಕೊಂಡವನು ಸತ್ತು ನೂರು ವರ್ಷವಾಗಿದೆ, ಸಿಕ್ಕಿದವನಿಗೇ ಸೇರಬೇಕು. ಮೂರನೆಯವನು ಅಂದ: ಪಾರ್ಕು ಎಲ್ಲರದು, ಆದ್ದರಿಂದ ನಾಣ್ಯವೂ ಎಲ್ಲರದು. ನಾನು ಸುಮ್ಮನೆ ಕೂತಿದ್ದೆ. ನನಗೆ ನಮ್ಮ ತಾತನ ನೆನಪಾಗಿತ್ತು. ಅವತ್ತು ಆಡದೆ ಉಳಿದ ಮಾತನ್ನು ಈಗ ಬರೆಯುತ್ತಿದ್ದೇನೆ.

೧

ಮೊದಲು ಯಂತ್ರದ ವಿಷಯ. ಹಳ್ಳಿ ಶಾಲೆಯ ಮೇಷ್ಟ್ರುಗಳೂ ಓದುವ ಪತ್ರಿಕೆ ಇದು, ಮಕ್ಕಳಿಗೆ ಹೇಳಲು ಬಂದೀತು.

ಆ ತಟ್ಟೆಯೊಳಗೆ ತಾಮ್ರದ ತಂತಿಯ ಸುರುಳಿ ಇರುತ್ತದೆ. ಅದರಲ್ಲಿ ದಿಕ್ಕು ಬದಲಿಸುತ್ತಲೇ ಇರುವ ವಿದ್ಯುತ್ ಹರಿಯುತ್ತದೆ. ಅದರಿಂದ ಹುಟ್ಟಿದ ಕಾಂತಕ್ಷೇತ್ರ ನೆಲದೊಳಕ್ಕೆ ಇಳಿಯುತ್ತದೆ. ಅಲ್ಲಿ ಲೋಹವಿದ್ದರೆ ಆ ಲೋಹದೊಳಗೂ ಸಣ್ಣ ಸುಳಿಯಂಥ ವಿದ್ಯುತ್ ಏಳುತ್ತದೆ, ತನ್ನದೇ ಕಾಂತಕ್ಷೇತ್ರವನ್ನು ಮೇಲಕ್ಕೆ ಕಳಿಸುತ್ತದೆ. ಯಂತ್ರ ಅದನ್ನು ಹಿಡಿದು ಸದ್ದು ಮಾಡುತ್ತದೆ. ಚಿಕ್ಕ ನಾಣ್ಯವಾದರೆ ಸುಮಾರು ಒಂದು ಗೇಣು ಆಳದವರೆಗೆ ಗೊತ್ತಾಗುತ್ತದೆ.

ಇದರ ಚರಿತ್ರೆಯಲ್ಲಿ ರಕ್ತವಿದೆ. ೧೮೮೧ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್‌ಗೆ ಗುಂಡು ಬಿತ್ತು. ಮೈಯೊಳಗೆ ಉಳಿದ ಗುಂಡು ಹುಡುಕಲು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಂಥ ಒಂದು ಉಪಕರಣ ತಂದ. ಗುಂಡು ಸಿಗಲಿಲ್ಲ. ಹಾಸಿಗೆಯ ಕೆಳಗಿದ್ದ ಲೋಹದ ಸ್ಪ್ರಿಂಗುಗಳು ಸದ್ದನ್ನು ಕೆಡಿಸಿದ್ದವು. ವೈದ್ಯರು ಅವನ ಬಲಗಡೆಯೇ ಹುಡುಕು ಅಂದಿದ್ದರು, ಗುಂಡು ಅಲ್ಲಿರಲಿಲ್ಲ. ಆ ಸೆಪ್ಟೆಂಬರಿನಲ್ಲಿ ಗಾರ್‌ಫೀಲ್ಡ್ ತೀರಿಕೊಂಡ. ಎರಡನೇ ಮಹಾಯುದ್ಧದ ಕಾಲಕ್ಕೆ ಯೋಸೆಫ್ ಕೊಸಾಟ್ಸ್‌ಕಿ ಅನ್ನುವ ಪೋಲೆಂಡಿನ ಸೈನ್ಯದ ಇಂಜಿನಿಯರು ನೆಲಬಾಂಬು ಹುಡುಕುವ ಯಂತ್ರ ಮಾಡಿದ. ೧೯೪೨ರಲ್ಲಿ ಎಲ್ ಅಲಮೈನ್ ಯುದ್ಧದಲ್ಲಿ ಅದು ಕೆಲಸಕ್ಕೆ ಬಂತು. ಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಯಂತ್ರಗಳು ಪೇಟೆಗೆ ಬಂದವು. ಸಾವು ಹುಡುಕುತ್ತಿದ್ದ ಯಂತ್ರ ಪಾರ್ಕಿನಲ್ಲಿ ನಾಣ್ಯ ಹುಡುಕುವುದಕ್ಕೆ ಇಳಿಯಿತು.

ಪಾರ್ಕಿಗೆ ಕಾನೂನೂ ಇದೆ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಈ ಯಂತ್ರ ಬಳಸುವುದೇ ಅಪರಾಧ. ಒಕ್ಕೂಟ ಸರ್ಕಾರದ ನೆಲದಲ್ಲಿ ನೂರು ವರ್ಷ ದಾಟಿದ ಪುರಾತತ್ವದ ವಸ್ತುಗಳನ್ನು ಅನುಮತಿಯಿಲ್ಲದೆ ತೆಗೆಯಬಾರದು ಅಂತ ೧೯೭೯ರ ಕಾಯ್ದೆ ಹೇಳುತ್ತದೆ. ಊರುಗಳ ಪಾರ್ಕುಗಳಿಗೆ ಊರುಗಳದ್ದೇ ನಿಯಮ. ನ್ಯೂಯಾರ್ಕಿನಲ್ಲಿ ಪಾರ್ಕು ಇಲಾಖೆಯ ಪರವಾನಗಿ ಬೇಕು. ಇಂಗ್ಲೆಂಡಿನಲ್ಲಿ ನೆಲದ ಒಡೆಯನ ಒಪ್ಪಿಗೆ ಇಲ್ಲದೆ ಗುದ್ದಲಿ ಹಾಕುವಂತಿಲ್ಲ. ಕಾನೂನಿನ ಆಚೆಗೆ ಈ ಹವ್ಯಾಸದವರು ತಮ್ಮತಮ್ಮಲ್ಲಿ ಒಂದು ನೀತಿ ಇಟ್ಟುಕೊಂಡಿದ್ದಾರೆ. ಅದರಲ್ಲಿ ಮೊದಲನೆಯದು: ತೋಡಿದ ಗುಂಡಿ ಮುಚ್ಚು.

ಈ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು.

೨

ನಮ್ಮ ತಾತ ಜೀತದಾಳು. ಜೀತ ರದ್ದು ಮಾಡಿದ ಕಾಯ್ದೆ ಬಂದದ್ದು ೧೯೭೬ರಲ್ಲಿ. ಇದು ಅದಕ್ಕೂ ಮುಂಚಿನ ಮಾತು. ಒಂದು ಮುಂಗಾರಿನಲ್ಲಿ ತಾತ ಒಡೆಯನ ಹೊಲ ಉಳುತ್ತಿದ್ದಾಗ ನೇಗಿಲಿಗೆ ಏನೋ ತಗುಲಿತು. ಬಗ್ಗಿ ನೋಡಿದರೆ ಕಪ್ಪಾದ ಒಂದು ಬೆಳ್ಳಿ ಕಾಲ್ಕಡಗ. ಯಾವ ಕಾಲದ ಯಾವ ಹೆಂಗಸಿನದೋ. ತಾತ ಎತ್ತು ನಿಲ್ಲಿಸಿ, ಪಂಚೆಯ ಚುಂಗಿನಲ್ಲಿ ಒರೆಸಿ, ನೇರ ಒಡೆಯನ ಮನೆಗೆ ಹೋದ. ಕೈಗೆ ಕೊಡುವಂತಿಲ್ಲ. ಜಗುಲಿಯ ಕೆಳಗೆ ನೆಲದ ಮೇಲಿಟ್ಟು ದೂರ ಸರಿದು, "ಬುದ್ದಿ, ಹೊಲ್ದಲ್ಲಿ ಸಿಕ್ತು" ಅಂದ. ಮನೆಯವರು ಅದರ ಮೇಲೆ ನೀರು ಚಿಮುಕಿಸಿ ಎತ್ತಿಕೊಂಡರು. ನೂರಾರು ವರ್ಷ ಮಣ್ಣಲ್ಲಿದ್ದಾಗ ಆಗದ ಮೈಲಿಗೆ ತಾತನ ಅಂಗೈಯಲ್ಲಿ ಒಂದು ಗಳಿಗೆ ಇದ್ದಾಗ ಆಗಿತ್ತು.

ಒಡೆಯ ಕಡಗವನ್ನು ತಿರುಗಿಸಿ ನೋಡಿದ. ಆಮೇಲೆ ಕೇಳಿದ: "ಇನ್ನೊಂದೆಲ್ಲೋ?"

ಕಾಲು ಎರಡಲ್ಲವೇ? ಕಡಗವೂ ಎರಡಿರಬೇಕು. ಒಂದನ್ನು ತಂದುಕೊಟ್ಟವನು ಇನ್ನೊಂದನ್ನು ಬಚ್ಚಿಟ್ಟಿರಲೇಬೇಕು. ತಾತನನ್ನು ಕಂಬಕ್ಕೆ ಕಟ್ಟಿ ಹೊಡೆದರು. ಅಷ್ಟು ಸಾಲದೆ ಆಳುಗಳನ್ನು ಗುಡಿಸಲಿಗೆ ಕಳಿಸಿ ನೆಲ ಅಗೆಸಿದರು. ಒಲೆಯ ಪಕ್ಕ, ಮಲಗುವ ಜಾಗ, ಬಾಗಿಲ ಹೊಸ್ತಿಲು, ಎಲ್ಲ. ಏನೂ ಸಿಗಲಿಲ್ಲ. ಎದ್ದು ಹೋದರು. ಗುಂಡಿ ಮುಚ್ಚಲಿಲ್ಲ.

ಮುಚ್ಚಿದ್ದು ನಮ್ಮ ಅಜ್ಜಿ. ಹೊರಗಿಂದ ಮಣ್ಣು ಹೊತ್ತು ತಂದು ತುಂಬಿ, ಧಮ್ಮಸ್ಸು ಮಾಡಿ, ಸಗಣಿಯಲ್ಲಿ ಸಾರಿಸಿದಳು. ಆದರೂ ಮಳೆಗಾಲದಲ್ಲಿ ಆ ಜಾಗ ಕುಸಿಯುತ್ತಿತ್ತಂತೆ. "ಒಂದ್ಸಲ ಅಗ್ದ ನೆಲ ಮೊದಲ್ನಂಗೆ ಆಗಲ್ಲ ಮಗ" ಅನ್ನುತ್ತಿದ್ದಳು.

ನಾನು ಡಿಗ್ರಿಗೆ ಸೇರಿದ ವರ್ಷ ಅಜ್ಜಿಯನ್ನು ಕೇಳಿದೆ: "ತಾತ ಅದನ್ನ ಮಡಿಕ್ಕೋಬೇಕಾಗಿತ್ತಾ ಅಜ್ಜಿ?"

ಅಜ್ಜಿ ಎಲೆಅಡಿಕೆ ಕುಟ್ಟುತ್ತಾ ಹೇಳಿದ್ದು ಇಷ್ಟೇ: "ಮಡಿಕ್ಕೊಂಡಿದ್ರೆ ಒಂದಿನ ಕಳ್ಳ ಆಯ್ತಿದ್ದ. ಕೊಟ್ಟು ದಿನಾಲೂ ಕಳ್ಳ ಆದ."

ಗೆಳೆಯರೇ, ನೀತಿಶಾಸ್ತ್ರದ ಪುಸ್ತಕಗಳಲ್ಲಿ ಪ್ರಾಮಾಣಿಕತೆ ಒಂದು ಗುಣ. ನಮ್ಮ ಊರುಗಳಲ್ಲಿ ಅದು ಕೊಡುವವನ ಜಾತಿಯನ್ನು ಅವಲಂಬಿಸಿತ್ತು. ಅದೇ ಕಡಗವನ್ನು ಮೇಲಿನ ಕೇರಿಯವನು ತಂದುಕೊಟ್ಟಿದ್ದರೆ ಧರ್ಮಾತ್ಮ ಅನ್ನುತ್ತಿದ್ದರು. ತಾತ ತಂದುಕೊಟ್ಟದ್ದು ಅಪರಾಧದ ಒಪ್ಪಿಗೆಯಾಯಿತು. ಹೀಗಿರುವಾಗ "ಸಿಕ್ಕಿದ್ದನ್ನು ಒಪ್ಪಿಸು" ಅನ್ನುವ ನೀತಿಯನ್ನು ನಾನು ಯಾವ ಮುಖದಲ್ಲಿ ನನ್ನ ತಮ್ಮನಿಗೆ ಹೇಳಲಿ?

೩

ಸಿಕ್ಕಿದ್ದು ಯಾರದ್ದು ಅನ್ನುವುದಕ್ಕೆ ಕಾನೂನು ಇರಲಿಲ್ಲ ಅಂತಲ್ಲ. ಬ್ರಿಟಿಷರ ಕಾಲದಲ್ಲಿ, ೧೮೭೮ರಲ್ಲಿ, ಭಾರತದ ನಿಧಿ ಕಾಯ್ದೆ ಬಂತು. ನಮ್ಮ ರಾಜ್ಯ ೧೯೬೨ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿತು. ೧೮೭೮ರ ಕಾಯ್ದೆ ಓದಿದಾಗ ನಾನು ಲೈಬ್ರರಿಯಲ್ಲಿ ದಂಗಾಗಿ ಕೂತೆ. ಹತ್ತು ರೂಪಾಯಿ ಮೀರಿದ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು. ಹೂತಿಟ್ಟವರ ವಾರಸುದಾರರು ಯಾರೂ ಬರದಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ನಾಲ್ಕರಲ್ಲಿ ಮೂರು ಪಾಲು ಸಿಕ್ಕಿದವನಿಗೆ, ಒಂದು ಪಾಲು ನೆಲದ ಒಡೆಯನಿಗೆ. ಮೂರು ಪಾಲು! ಉಳುವ ಕೈಗೆ ಮೂರು ಪಾಲು ಅಂತ ಪರದೇಶದ ದೊರೆಗಳು ಬರೆದಿದ್ದರು.

ಆದರೆ ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ. ತಿಳಿಸುವುದು ಬರಹದಲ್ಲಿ ಇರಬೇಕು. ಅಲ್ಲಿಗೆ ಮುಗಿಯಿತು. ಅಕ್ಷರದಿಂದ ದೂರವಿಟ್ಟ ಜನಕ್ಕೆ ಬರಹದಲ್ಲಿ ತಿಳಿಸು ಅಂದರೆ, ಮೂರು ಪಾಲನ್ನು ಬಲಗೈಯಲ್ಲಿ ಕೊಟ್ಟು ನಾಲ್ಕೂ ಪಾಲನ್ನು ಎಡಗೈಯಲ್ಲಿ ಕಿತ್ತುಕೊಂಡ ಹಾಗೆ. ನಮ್ಮ ಮನೆಯಲ್ಲಿ ಅರ್ಜಿ ಬರೆಯಬಲ್ಲ ಮೊದಲ ಕೈ ನನ್ನದು. ಆ ಕೈ ಬರುವ ಹೊತ್ತಿಗೆ ಕಡಗವೂ ಇಲ್ಲ, ತಾತನೂ ಇಲ್ಲ.

ಇದರ ಪಕ್ಕಕ್ಕೆ ಇಂಗ್ಲೆಂಡಿನ ಒಂದು ಕತೆ ಇಡುತ್ತೇನೆ. ೧೯೯೨ರ ನವೆಂಬರಿನಲ್ಲಿ ಸಫೋಕ್ ಸೀಮೆಯ ಹಾಕ್ಸನ್ ಅನ್ನುವ ಹಳ್ಳಿಯಲ್ಲಿ ಒಬ್ಬ ಗೇಣಿ ರೈತ ಹೊಲದಲ್ಲಿ ಸುತ್ತಿಗೆ ಕಳಕೊಂಡ. ಮೆಟಲ್ ಡಿಟೆಕ್ಟರ್ ಇದ್ದ ಗೆಳೆಯನನ್ನು ಕರೆದ. ಸುತ್ತಿಗೆ ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ರೋಮನ್ ಕಾಲದ ಸುಮಾರು ಹದಿನೈದು ಸಾವಿರ ಚಿನ್ನ, ಬೆಳ್ಳಿ, ಕಂಚಿನ ನಾಣ್ಯಗಳು, ಜೊತೆಗೆ ಒಡವೆ, ಬೆಳ್ಳಿಯ ಚಮಚಗಳು. ಅವನು ಮಾಡಿದ ದೊಡ್ಡ ಕೆಲಸ ಅಂದರೆ ಅರ್ಧಕ್ಕೆ ಅಗೆಯುವುದನ್ನು ನಿಲ್ಲಿಸಿದ್ದು. ಸುದ್ದಿ ಮುಟ್ಟಿಸಿದ. ಪುರಾತತ್ವದವರು ಬಂದು, ಯಾವುದರ ಪಕ್ಕ ಯಾವುದಿತ್ತು, ಯಾವುದು ಪೆಟ್ಟಿಗೆಯೊಳಗಿತ್ತು ಅಂತ ನೋಡಿಕೊಂಡು ತೆಗೆದರು. ಸರ್ಕಾರ ಹದಿನೇಳೂವರೆ ಲಕ್ಷ ಪೌಂಡು ಬಹುಮಾನ ಕೊಟ್ಟಿತು. ಅವನು ಆ ರೈತನ ಜೊತೆ ಹಂಚಿಕೊಂಡ. ಸುತ್ತಿಗೆಯೂ ಸಿಕ್ಕಿತು. ಅದು ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.

ಅಲ್ಲಿ ಯಾರೂ "ಇನ್ನೊಂದೆಲ್ಲೋ" ಅನ್ನಲಿಲ್ಲ. ಅಲ್ಲಿನವರು ನಮಗಿಂತ ಒಳ್ಳೆಯವರು ಅಂತ ನಾನು ಹೇಳುತ್ತಿಲ್ಲ. ೧೮೪೯ರಲ್ಲಿ ಲಾಹೋರಿನಲ್ಲಿ ಹತ್ತು ವರ್ಷದ ಹುಡುಗ ದೊರೆಯಿಂದ ಕೊಹಿನೂರ್ ಬರೆಸಿಕೊಂಡು ಹೋದವರೂ ಅವರೇ. ನನ್ನ ಮಾತು ಇಷ್ಟೇ: ಒಪ್ಪಿಸುವುದು ಗುಣವಾಗಬೇಕಾದರೆ ಒಪ್ಪಿಸಿಕೊಳ್ಳುವ ಕಡೆಯೂ ಒಂದು ನೀತಿ ಇರಬೇಕು. ಒಂದೇ ಕಡೆಯಿಂದ ಕೇಳುವ ಪ್ರಾಮಾಣಿಕತೆಗೆ ನಾನು ಜೀತ ಅನ್ನುತ್ತೇನೆ.

೪

ಇಲ್ಲಿ ಒಂದು ತಕರಾರು ಬರುತ್ತದೆ, ಅದನ್ನು ಜಾರಿಸಬಾರದು.

೧೯೮೦ರಲ್ಲಿ ಇಂಗ್ಲೆಂಡಿನ ಪುರಾತತ್ವದವರು ಈ ಹವ್ಯಾಸದ ವಿರುದ್ಧ ಚಳವಳಿ ಹೂಡಿದರು. ನಮ್ಮ ಗತಕಾಲವನ್ನು ಕದಿಯುವುದನ್ನು ನಿಲ್ಲಿಸಿ ಅಂತ ಕೂಗಿದರು. ಅವರಿಗೆ ಕಾರಣವಿತ್ತು. ರಾತ್ರಿ ಹೊತ್ತು ಕದ್ದು ಅಗೆಯುವವರಿದ್ದರು. ಆ ದಶಕದಲ್ಲೇ ಸರ್ರೆಯ ವಾನ್‌ಬರೊ ಅನ್ನುವಲ್ಲಿ ರೋಮನ್ ಕಾಲದ ಗುಡಿಯ ಜಾಗವನ್ನು ಹೀಗೇ ಲೂಟಿ ಮಾಡಿದರು, ಸಾವಿರಾರು ನಾಣ್ಯ ಮಾಯವಾದವು. ನಾಣ್ಯಕ್ಕೆ ಬೆಲೆ ಇತ್ತು; ಅದು ಯಾವ ಪದರದಲ್ಲಿ, ಯಾವ ಬೂದಿಯ ಕೆಳಗೆ, ಯಾವ ಮೂಳೆಯ ಪಕ್ಕ ಇತ್ತು ಅನ್ನುವುದಕ್ಕೆ ಬೆಲೆ ಕಟ್ಟುವವರಿರಲಿಲ್ಲ. ನಮ್ಮಲ್ಲೂ ನಿಧಿಯ ಆಸೆಗೆ ಅಮಾವಾಸ್ಯೆ ರಾತ್ರಿ ಹಾಳು ಗುಡಿಯ ಗರ್ಭಗುಡಿ ಅಗೆದವರು, ವೀರಗಲ್ಲು ಕಿತ್ತವರು ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತಾರೆ.

ಆದರೆ ಹವ್ಯಾಸದವರೂ ಒಂದು ಮಾತು ಕೇಳಿದರು. ಗತಕಾಲ ಓದಿದವರ ಸ್ವತ್ತೇ? ಯೂನಿವರ್ಸಿಟಿಯ ಗುದ್ದಲಿ ಮಾತ್ರ ಗುದ್ದಲಿಯೇ? ನಾನು ಯಾರ ಕಡೆ ನಿಲ್ಲಲಿ? ಓದಿದವನಾಗಿ ನಾನು ಮೊದಲನೆಯವರ ಕಡೆ, ಅಗೆದವನ ಮೊಮ್ಮಗನಾಗಿ ಎರಡನೆಯವರ ಕಡೆ. ಓದಬಾರದು, ಮುಟ್ಟಬಾರದು, ನೋಡಬಾರದು ಅನ್ನಿಸಿಕೊಂಡ ಜನ ನಾವು. ಜ್ಞಾನಕ್ಕೆ ಬೇಲಿ ಹಾಕುವವರನ್ನು ಕಂಡರೆ ನಮಗೆ ಅನುಮಾನ ಬಂದರೆ ಅದು ತಪ್ಪಲ್ಲ.

ಇಂಗ್ಲೆಂಡು ಆಮೇಲೆ ಒಂದು ದಾರಿ ಹುಡುಕಿತು. ೧೯೯೬ರಲ್ಲಿ ನಿಧಿ ಕಾಯ್ದೆ ಹೊಸದಾಯಿತು. ೧೯೯೭ರಲ್ಲಿ ಜನಕ್ಕೆ ಸಿಕ್ಕ ವಸ್ತುಗಳನ್ನು ದಾಖಲಿಸುವ ಯೋಜನೆ ಶುರುವಾಯಿತು. ನಿಧಿಯಲ್ಲದ ಸಣ್ಣಪುಟ್ಟ ವಸ್ತು ನಿನ್ನ ಹತ್ತಿರವೇ ಇರಲಿ, ಎಲ್ಲಿ ಸಿಕ್ಕಿತು ಅಂತ ಮಾತ್ರ ಹೇಳು ಅನ್ನುವುದು ಅದರ ತಿರುಳು. ಹಾಗೆ ಹದಿನೈದು ಲಕ್ಷಕ್ಕಿಂತ ಹೆಚ್ಚು ವಸ್ತುಗಳು ದಾಖಲಾಗಿವೆ.

ನನಗೆ ಇಲ್ಲಿ ಒಂದು ಎಳೆ ಸಿಕ್ಕಿತು. ನೆಲದಲ್ಲಿ ಸಿಕ್ಕಿದ್ದರಲ್ಲಿ ಎರಡು ಇರುತ್ತವೆ. ಒಂದು ವಸ್ತು, ಇನ್ನೊಂದು ಅದರ ಸುದ್ದಿ. ವಸ್ತುವನ್ನು ಒಬ್ಬ ಇಟ್ಟುಕೊಳ್ಳಬಹುದು, ಹಂಚಿಕೊಳ್ಳಬಹುದು, ಸರ್ಕಾರ ತೆಗೆದುಕೊಳ್ಳಬಹುದು. ಸುದ್ದಿ ಯಾರೊಬ್ಬನ ಸ್ವತ್ತೂ ಅಲ್ಲ. ಅದನ್ನು ಹೇಳುವುದು ಸಿಕ್ಕಿದವನ ಸಾಲ. ಈ ಅಳತೆಯಲ್ಲಿ ನೋಡಿ: ತಾತ ಕಡಗವನ್ನೂ ಕೊಟ್ಟ, ಎಲ್ಲಿ ಸಿಕ್ಕಿತು ಅಂತಲೂ ಹೇಳಿದ. ಒಡೆಯ ಕಡಗವನ್ನು ಪೆಟ್ಟಿಗೆಗೆ ಹಾಕಿದ, ಸುದ್ದಿಯನ್ನು ಕೊಂದ. ಹಾಗಾದರೆ ಆ ಊರಿನಲ್ಲಿ ಕಳ್ಳ ಯಾರು?

೫

ಹವ್ಯಾಸ ಅನ್ನುವ ಮಾತಿನಲ್ಲೇ ನನಗೆ ಒಂದು ಮುಳ್ಳಿದೆ. ನಮ್ಮ ಭಾಷೆಯಲ್ಲಿ ಜಲಗಾರ ಅನ್ನುವ ಪದವಿದೆ. ಕುವೆಂಪು ಆ ಹೆಸರಿನಲ್ಲಿ ನಾಟಕ ಬರೆದದ್ದರಿಂದ ನಮಗೆ ಜಲಗಾರ ಅಂದರೆ ಬೀದಿ ಗುಡಿಸುವವನು. ಆದರೆ ಆ ಪದಕ್ಕೆ ಇನ್ನೊಂದು ಅರ್ಥವೂ ಇದೆ: ಮಣ್ಣು, ಮರಳು ತೊಳೆದು ಚಿನ್ನದ ಕಣ ತೆಗೆಯುವವನು. ಗದಗ ಸೀಮೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಲಗಾರರು ಮಳೆಗಾಲ ಕಳೆದ ಮೇಲೆ ಮರಳು ತೊಳೆಯುತ್ತಿದ್ದರು. ಒಂದೇ ಪದದೊಳಗೆ ಚಿನ್ನವೂ ಇದೆ, ಕಸವೂ ಇದೆ. ಬಿಡುವಿರುವವನು ಮಣ್ಣಲ್ಲಿ ಲೋಹ ಹುಡುಕಿದರೆ ಅದು ಸಾಹಸ. ಹೊಟ್ಟೆಗಿಲ್ಲದವನು ಹುಡುಕಿದರೆ ಅದು ಜಾತಿಯ ಹೆಸರಾಗುತ್ತದೆ.

ಹಾಗಂತ ಆ ಪಾರ್ಕಿನ ಮುದುಕನ ಮೇಲೆ ನನಗೆ ಸಿಟ್ಟಿಲ್ಲ. ಅವನ ಖುಷಿ ನನಗೆ ಬೇಕು. ನಮ್ಮಪ್ಪ ಒಂದು ದಿನವಾದರೂ ಕೂಲಿಯ ಲೆಕ್ಕವಿಲ್ಲದೆ, ಮೇಸ್ತ್ರಿಯ ಕಣ್ಣಿಲ್ಲದೆ, ಒಳಗೇನಿದೆ ನೋಡೋಣ ಅನ್ನುವ ಕುತೂಹಲಕ್ಕೆ ನೆಲ ಅಗೆದಿದ್ದರೆ! ಕುತೂಹಲವೂ ಹಸಿವು ತೀರಿದವರ ಪಾಲಾಗಿರುವುದು ಅವನ ತಪ್ಪಲ್ಲ.

ನನಗೆ ಅನುಮಾನ ಇರುವುದು ಯಂತ್ರದ ಒಂದು ತಿರುಪಿನ ಮೇಲೆ. ಪಾರ್ಕಿನ ನೆಲದಲ್ಲಿ ಸಿಗುವುದೆಲ್ಲ ನಾಣ್ಯವಲ್ಲ. ಮೊಳೆ, ಬಾಟಲಿಯ ಮುಚ್ಚಳ, ತಂಪು ಪಾನೀಯದ ಡಬ್ಬಿಯ ಅಲ್ಯೂಮಿನಿಯಂ ಕಿವಿ, ಮುರಿದ ಸಲಕರಣೆ. ಪ್ರತಿಯೊಂದಕ್ಕೂ ಸದ್ದು ಮಾಡಿದರೆ ಹುಡುಕುವವನು ಬೇಸತ್ತು ಹೋಗುತ್ತಾನೆ. ಆದ್ದರಿಂದ ಯಂತ್ರದಲ್ಲಿ ಒಂದು ತಿರುಪು ಇಟ್ಟಿದ್ದಾರೆ. ಅದನ್ನು ತಿರುಗಿಸಿದರೆ ಕಬ್ಬಿಣಕ್ಕೆ ಯಂತ್ರ ಕಿವುಡಾಗುತ್ತದೆ. ಬೆಳ್ಳಿ, ತಾಮ್ರ ಬಂದರೆ ಮಾತ್ರ ಕೂಗುತ್ತದೆ. ಆ ತಿರುಪಿನ ಹೆಸರು ಡಿಸ್ಕ್ರಿಮಿನೇಷನ್. ನಾನು ಕಟ್ಟಿ ಹೇಳುತ್ತಿಲ್ಲ. ಕಂಪನಿಯವರು ಯಂತ್ರದ ಮೇಲೆ ಬರೆಯುವ ಹೆಸರೇ ಅದು. ಕನ್ನಡದಲ್ಲಿ ನಾವು ಅದಕ್ಕೆ ತಾರತಮ್ಯ ಅನ್ನುತ್ತೇವೆ, ಭೇದ ಅನ್ನುತ್ತೇವೆ.

ಕಬ್ಬಿಣ ಯಾರ ಲೋಹ? ಗುಳ, ಕುಡುಗೋಲು, ಗುದ್ದಲಿ, ಹಾರೆ, ಸುತ್ತಿಗೆ, ಚಮ್ಮಾರನ ಉಳಿ. ದುಡಿದವರು ನೆಲದಲ್ಲಿ ಬಿಟ್ಟು ಹೋಗುವುದು ಕಬ್ಬಿಣವನ್ನು. ಹಾಕ್ಸನ್ನಿನಲ್ಲಿ ಹುಡುಕಲು ಹೊರಟದ್ದು ಒಂದು ಸುತ್ತಿಗೆಯನ್ನು ಅನ್ನುವುದನ್ನು ಮರೆಯಬೇಡಿ. ಆ ದಿನ ಗೆಳೆಯ ಕಬ್ಬಿಣ ಬೇಡ ಅಂತ ತಿರುಪು ತಿರುಗಿಸಿದ್ದರೆ ಕಳೆದದ್ದನ್ನು ಹುಡುಕುವ ಮಾತೇ ಇರಲಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಸೊಗಸು. ಆ ಡಬ್ಬಿಯ ಅಲ್ಯೂಮಿನಿಯಂ ಕಿವಿ ಇದೆಯಲ್ಲ, ಅದೂ ಸಣ್ಣ ಚಿನ್ನದ ಉಂಗುರವೂ ಯಂತ್ರಕ್ಕೆ ಹೆಚ್ಚುಕಡಿಮೆ ಒಂದೇ ಥರ ಕೇಳಿಸುತ್ತವೆ. ಕಸ ಬೇಡ ಅಂತ ಅದನ್ನು ತಳ್ಳಿಹಾಕಿದವನು ಎಷ್ಟೋ ಸಲ ಚಿನ್ನವನ್ನೂ ತಳ್ಳಿಹಾಕಿರುತ್ತಾನೆ. ಇದು ಅನುಭವಸ್ಥರಿಗೆಲ್ಲ ಗೊತ್ತು. ಚಿನ್ನ ಬೇಕಾದರೆ ಕಸವನ್ನೂ ಅಗೆಯಬೇಕು ಅನ್ನುತ್ತಾರೆ. ಒಂದು ಸಮಾಜ ತನ್ನ ಅರ್ಧಕ್ಕಿಂತ ಹೆಚ್ಚು ಜನರನ್ನು ಕಸ ಅಂತ ತಳ್ಳಿ ಎಷ್ಟು ಚಿನ್ನ ಕಳಕೊಂಡಿತು ಅಂತ ಲೆಕ್ಕ ಹಾಕಿದವರುಂಟೇ?

ಕಬ್ಬಿಣಕ್ಕಾದರೂ ತಿರುಪು ತಿರುಗಿಸಿ ಕಿವಿ ಕೊಡಬಹುದು. ಚರ್ಮಕ್ಕೆ? ಮಡಕೆಗೆ? ಬಿದಿರಿಗೆ, ಮೂಳೆಗೆ? ಯಾವ ತಿರುಪು ತಿರುಗಿಸಿದರೂ ಅವುಗಳಿಗೆ ಯಂತ್ರ ಸದ್ದು ಮಾಡುವುದಿಲ್ಲ. ಅದಕ್ಕೆ ಲೋಹದ ನೆನಪು ಮಾತ್ರ ಇದೆ.

೬

ಚರ್ಮ ಸದ್ದು ಮಾಡದ ಒಂದು ಪಾರ್ಕಿನ ಕತೆ ಹೇಳುತ್ತೇನೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕು. ಸಿನಿಮಾಗಳಲ್ಲಿ ನೋಡಿರುತ್ತೀರಿ.

೧೮೨೫ರಲ್ಲಿ ಆಂಡ್ರ್ಯೂ ವಿಲಿಯಮ್ಸ್ ಅನ್ನುವ ಇಪ್ಪತ್ತೈದು ವರ್ಷದ ಕರಿಯ ಯುವಕ ಅಲ್ಲಿ ೧೨೫ ಡಾಲರಿಗೆ ಮೂರು ನಿವೇಶನ ಕೊಂಡ. ಅವನ ಕಸುಬು ಬೂಟು ಪಾಲೀಶು. ಆಗ ನ್ಯೂಯಾರ್ಕಿನಲ್ಲಿ ಗುಲಾಮಗಿರಿ ಇನ್ನೂ ಪೂರ್ತಿ ರದ್ದಾಗಿರಲಿಲ್ಲ. ಅದು ಆದದ್ದು ೧೮೨೭ರಲ್ಲಿ. ಕರಿಯ ಗಂಡಸಿಗೆ ಓಟು ಬೇಕಾದರೆ ೨೫೦ ಡಾಲರಿನ ಆಸ್ತಿ ಇರಬೇಕು ಅಂತ ೧೮೨೧ರ ರಾಜ್ಯ ಸಂವಿಧಾನ ಹೇಳಿತ್ತು. ಅಲ್ಲಿ ನೆಲ ಅಂದರೆ ಬರಿಯ ನೆಲವಲ್ಲ, ಮನುಷ್ಯ ಅನ್ನಿಸಿಕೊಳ್ಳುವ ಚೀಟಿ. ಹೀಗೆ ಬೆಳೆದ ಹಳ್ಳಿಯ ಹೆಸರು ಸೆನೆಕಾ ವಿಲೇಜ್. ೧೮೫೫ರ ಹೊತ್ತಿಗೆ ಸುಮಾರು ೨೨೫ ಜನ. ಮೂರರಲ್ಲಿ ಎರಡು ಪಾಲು ಕರಿಯರು, ಉಳಿದವರಲ್ಲಿ ಹೆಚ್ಚಿನವರು ಐರ್ಲೆಂಡಿನಿಂದ ಬಂದ ಬಡವರು. ಮೂರು ಚರ್ಚು, ಒಂದು ಶಾಲೆ, ಸ್ಮಶಾನ.

ಊರಿಗೆ ಒಂದು ದೊಡ್ಡ ಪಾರ್ಕು ಬೇಕು ಅಂತ ತೀರ್ಮಾನವಾಯಿತು. ಪತ್ರಿಕೆಗಳು ಅಲ್ಲಿ ಇರುವವರೆಲ್ಲ ಗುಡಿಸಲಿನ ಅಕ್ರಮ ವಾಸಿಗಳು ಅಂತ ಬರೆದವು. ೧೮೫೭ರ ಹೊತ್ತಿಗೆ ಎಲ್ಲರನ್ನೂ ಎಬ್ಬಿಸಿದರು. ಹಳ್ಳಿಯ ಮೇಲೆ ಹುಲ್ಲು ಬಂತು, ಹುಲ್ಲಿನ ಮೇಲೆ ಸಾರ್ವಜನಿಕರು ಬಂದರು. ಜನ ಮರೆತರು. ನಮ್ಮ ಬಾಬಾಸಾಹೇಬರು ೧೯೧೩ರಿಂದ ೧೯೧೬ರವರೆಗೆ ಓದಿದ ಕೊಲಂಬಿಯಾ ವಿಶ್ವವಿದ್ಯಾಲಯ ಅದೇ ಪಾರ್ಕಿಗೆ ನಡೆದು ಹೋಗುವ ದೂರದಲ್ಲಿದೆ. ಇಲ್ಲೊಂದು ಹಳ್ಳಿ ಇತ್ತು ಅಂತ ಹೇಳುವ 'ಸೆನೆಕಾ ವಿಲೇಜ್' ಫಲಕವನ್ನು ಅಲ್ಲಿ ನೆಟ್ಟದ್ದು ೨೦೦೧ರಲ್ಲಿ.

೨೦೧೧ರ ಬೇಸಿಗೆಯಲ್ಲಿ ಕೊಲಂಬಿಯಾ ಸೇರಿದಂತೆ ಆ ಊರಿನ ವಿಶ್ವವಿದ್ಯಾಲಯಗಳ ಪುರಾತತ್ವದವರು ವಿದ್ಯಾರ್ಥಿಗಳ ಜೊತೆ ಅಲ್ಲಿ ಅಗೆದರು. ಒಂದು ಚರ್ಚಿನ ಸೇವಕನ ಮನೆಯ ಪಾಯ ಸಿಕ್ಕಿತು. ಕಬ್ಬಿಣದ ಟೀ ಕೆಟಲು, ಬಾಣಲೆ, ಪಿಂಗಾಣಿಯ ಚೂರುಗಳು. ಮತ್ತೆ ಚರ್ಮದ ಅಟ್ಟೆಯ ಒಂದು ಪುಟ್ಟ ಮಗುವಿನ ಬೂಟು.

ಗುಡಿಸಲಿನ ಅಕ್ರಮ ವಾಸಿಗಳು ಅಂತ ಪತ್ರಿಕೆ ಬರೆದದ್ದಕ್ಕೆ ನೂರೈವತ್ತು ವರ್ಷದ ಮೇಲೆ ನೆಲ ಉತ್ತರ ಕೊಟ್ಟಿತು: ಇಲ್ಲಿ ಸಂಸಾರಗಳಿದ್ದವು, ಚಹಾ ಕಾಸುತ್ತಿದ್ದರು, ಮಕ್ಕಳಿಗೆ ಬೂಟು ಹಾಕುತ್ತಿದ್ದರು. ಅದೇ ಜಾಗದಲ್ಲಿ ಒಬ್ಬ ಹವ್ಯಾಸದವನು ತಿರುಪು ತಿರುಗಿಸಿಕೊಂಡು ಬಂದಿದ್ದರೆ ಏನಾಗುತ್ತಿತ್ತು? ಎರಡು ನಾಣ್ಯ ಎತ್ತಿಕೊಂಡು ಹೋಗುತ್ತಿದ್ದ. ಕೆಟಲು ಕಬ್ಬಿಣ, ಅದಕ್ಕೆ ಅವನ ಯಂತ್ರ ಕಿವುಡು. ಬೂಟು ಚರ್ಮ, ಅದಕ್ಕೆ ಹುಟ್ಟುಕಿವುಡು. ಅವನು ಕಳ್ಳನಲ್ಲ, ಕೆಟ್ಟವನೂ ಅಲ್ಲ, ಗುಂಡಿಯನ್ನೂ ಅಚ್ಚುಕಟ್ಟಾಗಿ ಮುಚ್ಚುತ್ತಿದ್ದ. ಆದರೂ ಆ ನಾಣ್ಯಗಳ ಜೊತೆ ಒಂದು ಹಳ್ಳಿಯ ಸಾಕ್ಷಿ ಹೋಗಿಬಿಡುತ್ತಿತ್ತು. ಕೆಡುಕು ಮಾಡಲು ಕೆಟ್ಟ ಮನಸ್ಸು ಬೇಕಾಗಿಲ್ಲ. ಯಾವುದಕ್ಕೆ ಕಿವಿ ಕೊಡಬೇಕು ಅಂತ ಮೊದಲೇ ಯಾರೋ ತಿರುಗಿಸಿಟ್ಟ ತಿರುಪು ಸಾಕು.

೭

ಕೊನೆಗೆ ಸಾರ್ವಜನಿಕ ಅನ್ನುವ ಮಾತಿಗೆ ಬರುತ್ತೇನೆ. ಹಾಸ್ಟೆಲಿನ ಮೂರನೆಯ ಗೆಳೆಯ ಪಾರ್ಕು ಎಲ್ಲರದು ಅಂದಿದ್ದ. ಈ ಎಲ್ಲರು ಅಂದರೆ ಯಾರು? ಮಹಾಡಿನ ಚೌದಾರ್ ಕೆರೆಯನ್ನು ಎಲ್ಲರಿಗೂ ತೆರೆದಿದ್ದೇವೆ ಅಂತ ಅಲ್ಲಿನ ಪುರಸಭೆ ಮೊದಲೇ ಠರಾವು ಮಾಡಿತ್ತು. ಆದರೂ ೧೯೨೭ರ ಮಾರ್ಚ್ ೨೦ರಂದು ಅಂಬೇಡ್ಕರ್ ನೀರು ಮುಟ್ಟಿದಾಗ ಊರಿನವರು ದೊಣ್ಣೆ ಹಿಡಿದು ಬಂದರು. ಆಮೇಲೆ ಕೆರೆಯನ್ನು ಶುದ್ಧಿ ಮಾಡಿದರು, ತಾತನ ಕಡಗದ ಮೇಲೆ ನೀರು ಚಿಮುಕಿಸಿದ ಹಾಗೆ. ಕಾಗದದಲ್ಲಿ ಸಾರ್ವಜನಿಕವಾದದ್ದು ನೆಲದಲ್ಲಿ ಸಾರ್ವಜನಿಕವಾಗಲು ನಮ್ಮ ಜನ ಪೆಟ್ಟು ತಿನ್ನಬೇಕಾಯಿತು.

ಹಾಗಾಗಿ ಎಲ್ಲರ ನೆಲ ಅಂದಾಗ ನಾನು ಮೂರು ಪ್ರಶ್ನೆ ಕೇಳುತ್ತೇನೆ. ಇದು ಎಲ್ಲರದ್ದಾಗುವ ಮುಂಚೆ ಯಾರದ್ದಾಗಿತ್ತು? ಇಲ್ಲಿ ಸಿಕ್ಕಿದ್ದರ ಸುದ್ದಿ ಯಾರಿಗೆ ಹೋಗುತ್ತದೆ? ಅಗೆದ ಗುಂಡಿ ಯಾರು ಮುಚ್ಚುತ್ತಾರೆ? ಈ ಮೂರಕ್ಕೂ ನೇರ ಉತ್ತರ ಕೊಡುವವನು ಪಾರ್ಕಿನಲ್ಲಿ ಅಗೆಯಲಿ, ಹೊಲದಲ್ಲಿ ಅಗೆಯಲಿ, ಖುಷಿಗೆ ಅಗೆಯಲಿ, ನನ್ನ ತಕರಾರಿಲ್ಲ. ಕೊಡದವನು ಪ್ರೊಫೆಸರಾದರೂ ಸರ್ಕಾರವಾದರೂ ನಮ್ಮೂರ ಒಡೆಯನ ನೆಂಟನೇ.

ತಮ್ಮನಿಗೆ ಏನು ಹೇಳಲಿ ಅಂತ ಕೇಳಿದ್ದೆನಲ್ಲ, ಅದಕ್ಕೂ ಈಗ ಉತ್ತರ ಹೊಳೆಯುತ್ತಿದೆ. ಸಿಕ್ಕಿದ್ದನ್ನು ಹೇಳು. ಆದರೆ ಒಬ್ಬನೇ ಜಗುಲಿಯ ಕೆಳಗೆ ನಿಂತು ಒಬ್ಬನಿಗೇ ಹೇಳಬೇಡ. ಬರೆದು ಹೇಳು, ನಾಲ್ಕು ಜನರ ಮುಂದೆ ಹೇಳು, ಒಂದು ಪ್ರತಿ ನಿನ್ನ ಹತ್ತಿರ ಇಟ್ಟುಕೊಂಡು ಹೇಳು. ತಾತನಿಗೆ ಇರದಿದ್ದ ಅಕ್ಷರ ನಿನಗೆ ಬಂದಿರುವುದು ಇಂಥದ್ದಕ್ಕೇ.

ಒಂದು ಬೇಸಿಗೆಯಲ್ಲಿ ಊರ ಕೆರೆಯ ಹೂಳೆತ್ತುವ ಕೂಲಿಗೆ ಅವ್ವನ ಜೊತೆ ನಾನೂ ಹೋಗಿದ್ದೆ. ಮೊಣಕಾಲುದ್ದ ಅಗೆದಾಗ ಗುದ್ದಲಿಗೆ ಒಂದು ಕುಡುಗೋಲು ತಗುಲಿತು. ಹಿಡಿ ಕೊಳೆತು ಹೋಗಿತ್ತು, ಅಲಗು ತುಕ್ಕು ತಿಂದು ಎಲೆಯಷ್ಟು ತೆಳ್ಳಗಾಗಿತ್ತು. "ಬಿಸಾಕ್ಲಾ, ಕೈಗೆ ತಗುಲ್ಬುಟ್ಟಾತು" ಅಂದಳು ಅವ್ವ. ನಾನು ಬಿಸಾಡಲಿಲ್ಲ. ಏರಿಯಿಂದ ಎಷ್ಟು ಹೆಜ್ಜೆ, ತೂಬಿನಿಂದ ಯಾವ ದಿಕ್ಕು, ಎಷ್ಟು ಆಳ, ಅಗೆದವರು ಯಾರು ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅಗೆದವರು ಯಾರು ಅನ್ನುವ ಜಾಗದಲ್ಲಿ ಅವ್ವನ ಹೆಸರು ಬರೆದೆ. ಅವಳಿಗೆ ಓದಿ ಹೇಳಿದಾಗ, "ನನ್ನೆಸ್ರು ಯಾಕ್ಲಾ ಅದ್ರಲ್ಲಿ?" ಅಂತ ನಾಚಿಕೊಂಡಳು.

ಮೇಷ್ಟ್ರುಗಳೇ, ನಿಮ್ಮ ಶಾಲೆಯ ಮಕ್ಕಳಿಗೆ ಇಂಥ ಒಂದು ನೋಟ್‌ಬುಕ್ಕು ಕೊಡಿ. ಯಂತ್ರ ಬೇಡ, ಅಗೆಯುವುದೂ ಬೇಡ. ಕೇರಿಯ ಮುದುಕ ಮುದುಕಿಯರನ್ನು ಕೇಳಿ ಬರೆಯಲಿ: ಯಾವ ಹೊಲದಲ್ಲಿ ಏನು ಸಿಕ್ಕಿತು, ಯಾರ ಕೈಗೆ ಸಿಕ್ಕಿತು, ಯಾರ ಮನೆ ಸೇರಿತು. ಸರ್ಕಾರದ ದಾಖಲೆಯಲ್ಲಿ ಇಲ್ಲದ್ದು, ಯಂತ್ರಕ್ಕೆ ಕೇಳದ್ದು ಅಲ್ಲಿ ಸಿಗುತ್ತದೆ. ನಮ್ಮ ಊರಿನ ಪುಸ್ತಕದ ಮೊದಲ ಸಾಲು ನಾನು ಬರೆದಾಗಿದೆ: ಒಂದು ಬೆಳ್ಳಿ ಕಾಲ್ಕಡಗ. ಸಿಕ್ಕಿದ್ದು ನಮ್ಮ ತಾತನಿಗೆ. ಇನ್ನೊಂದು ಇರಲಿಲ್ಲ.